ಹುಣಸಿಗುಡ್ಡದ ಶೈಕ್ಷಣಿಕ ಆಡುಗಳು

ಕನ್ನಡನಾಡು ಒಂದಾದ ಎರಡು ವರ್ಷಕ್ಕೆ, ಶಾಲೆಯ ಮಕ್ಕಳು ಓದಿ ಜಾಣರಾಗುವುದಕ್ಕೆ ಆಡುಗಳೇ ಕಾರಣ ಎಂಬ ಸಂಗತಿ ಸರ್ಕಾರದ ಅವಗಾಹನೆಗೆ ಬಂತು. ಅಲ್ಲಿಯವರೆಗೆ ಇದು ಯಾರಿಗೂ ಗೊತ್ತಿರಲಿಲ್ಲ. ಆಡುಗಳಿಗೂ ಗೊತ್ತಿರಲಿಲ್ಲ.

ಸಂಗತಿ ಬೆಳಕಿಗೆ ಬಂದದ್ದು ಸುರಪುರದ ಆಚೆ, ಕಕ್ಕೇರಾ ದಾರಿಯಲ್ಲಿರುವ ಹುಣಸಿಗುಡ್ಡದ ಸರ್ಕಾರಿ ಶಾಲೆಯಲ್ಲಿ. ನಿಜಾಮರ ಕಾಲದಿಂದ ಆ ಶಾಲೆಗೊಂದು ಪುಸ್ತಕದ ಕೋಣೆ ಇತ್ತು, ಕೋಣೆಗೆ ಮರಿಲಿಂಗಪ್ಪ ಎಂಬ ಗ್ರಂಥಪಾಲಕನಿದ್ದ. ಕೃಷ್ಣೆಯ ದಂಡೆಯಲ್ಲಿ ಮೀನು ಹಿಡಿಯುವ ಮನೆತನದವನು. ನಾಲ್ಕಕ್ಷರ ಕಲಿತು ಹೊಳೆ ಬಿಟ್ಟು ಬಂದಿದ್ದನೇ ಹೊರತು ಗಾಳ ಹಾಕುವುದನ್ನು ಬಿಟ್ಟಿರಲಿಲ್ಲ. ಕೋಣೆಯ ಮುಂದೆ ಹಾಯುವ ಮಕ್ಕಳನ್ನು ಕೂಗಿ ಕರೆದು ಒಂದು ಕಥೆ ತೆಗೆಯುವನು. ಕಥೆ ಕುತ್ತಿಗೆಗೆ ಬಂದಾಗ ಥಟ್ಟನೆ ನಿಲ್ಲಿಸಿ, “ಮುಂದಿಂದು ಇದರಾಗ ಅದ” ಎಂದು ಪುಸ್ತಕ ಕೈಗಿಡುವನು. ಲೆಕ್ಕ ಬಾರದವನಿಗೆ ಸಂತೆಯ ಮೋಸಗಾರರ ಕಥೆ. ಭೂಗೋಳವೆಂದರೆ ಹೊಟ್ಟೆನೋವು ಬರುವ ಅಂಬಿಗರ ಹುಡುಗನಿಗೆ ದಾರಿ ತಪ್ಪಿ ಮರಳುಗಾಡಿಗೆ ನುಗ್ಗಿದ ನದಿಯ ಕಥೆ. ಯಾವ ಮೀನಿಗೆ ಯಾವ ಎರೆ ಎಂಬುದರಲ್ಲಿ ಸುತ್ತ ಏಳು ಹಳ್ಳಿಯಲ್ಲಿ ತನ್ನ ಸಮ ಯಾರೂ ಇಲ್ಲವೆಂದು ಅವನಿಗೆ ತಕ್ಕಮಟ್ಟಿನ ಜಂಬವೂ ಇತ್ತು.

ಹೊಸ ರಾಜ್ಯ ಬಂದಮೇಲೆ ಹೈದರಾಬಾದಿನ ಹಳೆಯ ಹುದ್ದೆಗಳನ್ನು ಹೊಸ ಹುದ್ದೆಗಳಿಗೆ ಹೊಂದಿಸಲು ಒಂದು ಸಮಿತಿ ಕೂತಿತು. ಹಳೆಯ ಕಾಗದದಲ್ಲಿ ಮರಿಲಿಂಗಪ್ಪ “ಕುತುಬಖಾನಾ ಮೊಹತಮಿಮ”, ಅಂದರೆ ಪುಸ್ತಕದ ಕೋಣೆಯ ಮೇಲ್ವಿಚಾರಕ, ಆಗಿದ್ದ. ಸಮಿತಿಯಲ್ಲಿ ಯಾರಿಗೂ ಉರ್ದು ಬಾರದು. ಹಾಗೆಂದು ಕೇಳುವುದು ಸಮಿತಿಯ ಘನತೆಗೆ ತಕ್ಕುದಲ್ಲ. ಆದಕಾರಣ ಆತನ ಕೆಲಸವೇನೆಂದು ನೋಡಿದರು. ಒಳಗೆ ಬಂದದ್ದನ್ನು ಬರೆದುಕೊಳ್ಳುವುದು, ಹೊರಗೆ ಬಿಡುವಾಗ ಸಹಿ ಪಡೆಯುವುದು, ತಡವಾದರೆ ದಂಡ ಹಾಕುವುದು, ಯಾವುದೂ ಕಳೆದುಹೋಗದಂತೆ ಬಾಗಿಲು ಕಾಯುವುದು. ಇಷ್ಟೂ ಲಕ್ಷಣಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಬಂದ ಹುದ್ದೆ ಹೊಸ ರಾಜ್ಯದಲ್ಲಿ ಒಂದೇ ಒಂದಿತ್ತು: ಬಿಡಾಡಿ ದನಕರುಗಳನ್ನು ಕೂಡಿಹಾಕುವ ದೊಡ್ಡಿಯ ಕಾವಲುಗಾರ.

ಹೆಡ್‌ಮಾಸ್ತರ ಜಲಾಲುದ್ದೀನ ಸಾಹೇಬರು ಆದೇಶವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

“ಮರಿಲಿಂಗಪ್ಪ, ಮುಬಾರಕ್ ಹೋ. ನಿಮ್ಮ ನೌಕರಿ ಉಳದದ.”

“ಛಲೋ ಆಯ್ತಲ್ರಿ ಸಾಹೇಬ್ರ.”

“ನಾಳಿಯಿಂದ ಆಡು ಬರ್ತಾವ.”

“ಎಲ್ಲಿಗ್ರಿ?”

“ಕುತುಬಖಾನಾಕ್ಕ. ಪುಸ್ತಕ ಖಾಲಿ ಮಾಡ್ರಿ ಅಂತ ಎಲ್ಲೂ ಬರದಿಲ್ಲ. ಅದಕ್ಕ ಪುಸ್ತಕಾನೂ ಇರ್ಲಿ, ಆಡೂ ಇರ್ಲಿ. ಹುಕುಂ ಹುಕುಮ್ಮೇ.”

ಮರುದಿನ ತಳವಾರ ಮೂರು ಆಡು, ಒಂದು ಹೋತ ತಂದು ಕೋಣೆಯೊಳಗೆ ತಳ್ಳಿ ಸಹಿ ಕೇಳಿದ. ಮರಿಲಿಂಗಪ್ಪ ತಲೆಯ ಮೇಲೆ ಕೈಹೊತ್ತು ಕೂಡಲಿಲ್ಲ. ಒಳ್ಳೆಯ ಪುಸ್ತಕಗಳನ್ನು ಮೇಲಿನ ಸಾಲಿಗೆ ಏರಿಸಿ, ಆಡಿನ ಬಾಯಿಗೆ ಎಟುಕುವ ಕೆಳಗಿನ ಸಾಲಿನಲ್ಲಿ ಇಲಾಖೆಯ ಹಳೆಯ ಸುತ್ತೋಲೆಗಳನ್ನು ಜೋಡಿಸಿದ. ಆಡುಗಳು ಬಹಳ ಸಂತೋಷದಿಂದ ತಿಂದವು. ಸುತ್ತೋಲೆಗಳು ಒಬ್ಬರ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಸಂಜೆಗೆ ಆಡಿನ ಒಡತಿ ಮಲಕಮ್ಮ ಬಂದಳು. ಕುರುಬರ ಹೆಣ್ಣುಮಗಳು, ಬಾಯಿ ಚಾಟಿ ಇದ್ದಂತೆ.

“ಏ ಮಾಸ್ತರ! ನನ್ನ ಆಡಿಗೆ ಏನು ಸಾಲಿ ಕಲಸಾಕತ್ತೀಯೋ? ಬಿಡು ಹೊರಗ!”

“ಬಿಡ್ತೀನಿ ಕೂಡು ಯವ್ವಾ. ಕಾಗದ ಬರಿಯೂತನಕ ಒಂದು ಮಾತು ಹೇಳ್ತೀನಿ ಕೇಳು. ಒಬ್ಬ ದಲ್ಲಾಳಿ ಇದ್ದ. ಊರಿಗೆ ಊರ ಮುಳುಗಿಸಿದ್ದ. ಒಂದಿನ ಹೊಲ ಅಡ್ಡ ಹಾದು ಬರೂವಾಗ ಹಾಳುಬಾವಿಗೆ ಬಿದ್ದ.”

“ಬೀಳ್ಲಿ ಹಾಟ್ಯಾ.”

“ಬೆಳತನಕ ಒದರಿದ. ಕಡೀಕ ಯಾರೋ ಒಬ್ಬ ಹಗ್ಗ ಬಿಟ್ಟ. ದಲ್ಲಾಳಿ ಹಗ್ಗ ಹಿಡಕೊಂಡು ಅರ್ಧ ಮ್ಯಾಲೆ ಬಂದಾನ, ತಲಿ ಎತ್ತಿ ನೋಡ್ತಾನ, ಹಗ್ಗ ಹಿಡದಾವ ಯಾರು? ಇವನ ಕೈಯಾಗ ಹೊಲ ಮನಿ ಕಳಕೊಂಡ ಮನಷ್ಯಾ! ಅವನೂ ಇವನ ಮಾರಿ ನೋಡಿದ.” ಮರಿಲಿಂಗಪ್ಪ ಕಾಗದವನ್ನು ಅವಳ ಮುಂದಿಟ್ಟ. “ಇಲ್ಲೆ ಹೆಬ್ಬಟ್ಟು ಒತ್ತು. ಆಡು ಹೊಡಕೊಂಡು ಹೋಗು.”

ಮಲಕಮ್ಮ ಮೇಲೇಳಲಿಲ್ಲ. “ಎಳದನೋ, ಬಿಟ್ಟನೋ?”

“ಅದು ಪುಸ್ತಕದಾಗ ಅದ.”

“ನನಗೆಲ್ಲಿ ಓದಾಕ ಬರತದ?”

“ನಿನ್ನ ಮಗಳು ಭೀಮಮ್ಮಗ?”

“ಅಕೀ ಆಡು ಕಾಯ್ತಾಳ.”

“ಆಡು ಇಲ್ಲೇ ಅದಾವಲ್ಲ. ಅಕೀನೂ ಇಲ್ಲೇ ಬರ್ಲಿ. ಅಕ್ಷರ ಕಲತು ಅಕೀನೇ ನಿನಗ ಓದಿ ಹೇಳ್ತಾಳ.”

ಮಲಕಮ್ಮ ಅವನನ್ನು ಬಯ್ದು, ಅವನ ವಂಶವನ್ನು ಬಯ್ದು, ಮರುದಿನ ಬೆಳಗ್ಗೆ ಮಗಳನ್ನು ತಂದು ಶಾಲೆಗೆ ಬಿಟ್ಟಳು. ಆಡುಗಳನ್ನು ತಾನೇ ಹಗ್ಗ ಬಿಚ್ಚಿ ಮತ್ತೆ ಹಿಡಿದು ಒಯ್ಯಲೆಂದು ತಳವಾರನ ಕಣ್ಣೆದುರು ಓಡಿಸಿದಳು. ಸುದ್ದಿ ಹಟ್ಟಿಯಿಂದ ಹಟ್ಟಿಗೆ ಹೋಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಹುಣಸಿಗುಡ್ಡದಲ್ಲಿ ಆಡು ಸಾಕಿದವರೆಲ್ಲ ತಮ್ಮ ತಮ್ಮ ಆಡುಗಳನ್ನು ಕೈಯಾರೆ ಜಪ್ತಿ ಮಾಡಿಸಿ, ಸಂಜೆ ಮಕ್ಕಳೊಡನೆ ಬಿಡಿಸಿಕೊಳ್ಳಲು ಬಂದು, ಅರ್ಧ ಕಥೆ ಕೇಳಿ, ಉಳಿದರ್ಧವನ್ನು ಮನೆಗೊಯ್ಯತೊಡಗಿದರು. ಆಡು ಇಲ್ಲದವರು ನೆರೆಮನೆಯ ಆಡು ಕಡ ತಂದು ಸಿಕ್ಕಿಬಿದ್ದರು.

ಬೇಸಿಗೆಯ ಪರೀಕ್ಷೆಯಲ್ಲಿ ಶಾಲೆಗೆ ಶಾಲೆಯೇ ಪಾಸಾಯಿತು. ಇದು ಗಂಭೀರವಾದ ಅಕ್ರಮವೆಂದು ಅನುಮಾನಿಸಿ ಇಲಾಖೆ ಒಬ್ಬ ವಿಶೇಷಾಧಿಕಾರಿಯನ್ನು ಕಳಿಸಿತು. ಅವರು ಬೆಂಗಳೂರಿನ ಕಡೆಯಿಂದ ಕಲಬುರಗಿಗೆ ವರ್ಗವಾಗಿ ಬಂದವರು. ಬಿಸಿಲಿಗೆ ಹೆದರಿ ಒದ್ದೆ ಟವೆಲು ತಲೆಗೆ ಹಾಕಿಕೊಂಡೇ ತನಿಖೆ ಮಾಡುವರು. ಮಕ್ಕಳನ್ನು ಕೇಳಿದರು, ಮಕ್ಕಳು ಉತ್ತರ ಹೇಳಿದರು. ಭೀಮಮ್ಮ ಉತ್ತರ ಹೇಳಿದ್ದಲ್ಲದೆ ತಿರುಗಿ ಒಂದು ಪ್ರಶ್ನೆಯನ್ನೂ ಕೇಳಿದಳು, ವಿಶೇಷಾಧಿಕಾರಿಗಳಿಗೆ ಉತ್ತರ ಬರಲಿಲ್ಲ. ಅಕ್ರಮ ಸಾಬೀತಾದಂತೆಯೇ ಆಯಿತು.

“ಏನ್ರೀ ಇದಕ್ಕೆಲ್ಲ ಕಾರಣ?” ಎಂದರು.

ಜಲಾಲುದ್ದೀನ ಸಾಹೇಬರು ಮರಿಲಿಂಗಪ್ಪನನ್ನು ಮುಂದೆ ಮಾಡಿದರು. “ಇವರೇ ಸಾಬ್. ಯಾವ ಮಗೂಗ ಯಾವ ಪುಸ್ತಕ ಅಂತ ಇವರಿಗೆ ಗೊತ್ತದ.”

“ಅದು ಹೇಗ್ರೀ ಆಗುತ್ತೆ? ಪುಸ್ತಕ ಎಲ್ಲಾ ಸ್ಕೂಲಲ್ಲೂ ಇದೆ. ಬೀರುವಿನಲ್ಲಿ ಬೀಗ ಹಾಕಿ ಬಹಳ ಭದ್ರವಾಗಿಟ್ಟಿದ್ದಾರೆ. ಅಲ್ಲೆಲ್ಲಾ ಮಕ್ಕಳು ಫೇಲು. ಅಲ್ಲಿಲ್ಲದ್ದು ಇಲ್ಲೇನಿದೆ?” ಸಾಹೇಬರು ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ಹೋತ ಅವರ ಟವೆಲಿನ ತುದಿ ಜಗಿಯುತ್ತಿತ್ತು.

ಆದರೂ ಅವರು ಅವಸರದ ಮನುಷ್ಯರಲ್ಲ. ವೈಜ್ಞಾನಿಕವಾಗಿ ಪರೀಕ್ಷಿಸಬೇಕೆಂದು ಮರಿಲಿಂಗಪ್ಪನನ್ನು ಮೇವಿನ ತರಬೇತಿಗೆಂದು ಯಾದಗಿರಿಗೆ ಅಟ್ಟಿದರು. ಕೋಣೆಯ ಬೀಗದ ಕೈ ಜವಾನನ ಕೈಗೆ ಹೋಯಿತು. ಸಂಜೆ ಮಲಕಮ್ಮ ಬಂದು ಕೂತಳು. ಜವಾನ ಹೆಬ್ಬಟ್ಟು ಒತ್ತಿಸಿಕೊಂಡು ಆಡು ಹೊರಗಟ್ಟಿದ. “ಕಥಿ?” ಅಂದಳು. “ಯಾವ ಕಥಿ?” ಅಂದ. “ಕಥಿ ಇಲ್ಲಂದ್ರ ಆಡು ನಿನಗ್ಯಾಕ ಕೊಡ್ಲೋ?” ಎಂದು ಬಯ್ದು ಹೋದವಳು ಮತ್ತೆ ಬರಲಿಲ್ಲ. ಉಳಿದವರ ಆಡುಗಳೂ ಬರಲಿಲ್ಲ, ಮಕ್ಕಳೂ ಬರಲಿಲ್ಲ. ವಿಶೇಷಾಧಿಕಾರಿಗಳು ಇದನ್ನೆಲ್ಲ ಕೂಲಂಕಷವಾಗಿ ಗಮನಿಸಿ ವರದಿ ಬರೆದರು: ಆಡುಗಳ ಹಾಜರಾತಿ ಇಳಿಯಿತು, ಕೂಡಲೇ ಕಲಿಕೆಯೂ ಇಳಿಯಿತು. ಗ್ರಂಥಪಾಲಕರ ಗೈರುಹಾಜರಿಗೂ ಇದಕ್ಕೂ ಸಂಬಂಧವಿರುವುದು ಕಂಡುಬಂದಿಲ್ಲ. ಯಾಕೆಂದರೆ ಅವರು ಊರಿನಲ್ಲೇ ಇರಲಿಲ್ಲ.

ತರಬೇತಿ ಮುಗಿಸಿ ಬಂದ ಮರಿಲಿಂಗಪ್ಪ ಖಾಲಿ ಕೋಣೆ ನೋಡಿ ನೆಟ್ಟಗೆ ಅಡವಿಗೆ ಹೋದ. ಭೀಮಮ್ಮ ಜಾಲಿಗಿಡದ ಕೆಳಗೆ ಆಡು ಕಾಯುತ್ತಿದ್ದಳು.

“ಯಾಕವ್ವಾ, ನಾ ಇಲ್ಲಂದ್ರೇನಾಯ್ತು? ಕಪಾಟ ತುಂಬ ಪುಸ್ತಕ ಇದ್ದುವಲ್ಲ?”

“ತುಂಬ ಇದ್ದುವು, ಅದಕ್ಕ ತಿಳೀಲಿಲ್ರಿ. ಒಂದ ತಗದೆ, ಅದು ನನ್ನ ಜೋಡಿ ಮಾತಾಡಲಿಲ್ಲ. ಇನ್ನೊಂದ ತಗದೆ, ಅದೂ ಮಾತಾಡಲಿಲ್ಲ. ಯಾವದು ನಂದು ಅಂತ ಹೇಳವ್ರು ಯಾರಿದ್ರು?”

ಮರಿಲಿಂಗಪ್ಪ ಅವಳ ಪಕ್ಕದಲ್ಲೇ ನೆರಳಿಗೆ ಕೂತ. ಇಷ್ಟು ವರ್ಷದ ಚಾಕರಿಗೆ ಇಂಥದೊಂದು ಮಾತು ಯಾವ ಮೇಲಧಿಕಾರಿಯೂ ಆಡಿರಲಿಲ್ಲ. ಈ ಮಾತನ್ನು ವರದಿಗೆ ಸೇರಿಸಲು ಬರುವುದಿಲ್ಲ ಎಂಬುದೂ ಅವನಿಗೆ ತಿಳಿದಿತ್ತು. ಹೇಳಿದವಳು ಸಮಿತಿಯ ಸದಸ್ಯೆಯಲ್ಲ.

ಅಂದೇ ಅವನು ವಿಶೇಷಾಧಿಕಾರಿಗಳ ಮುಂದೆ ನಿಂತು, ಎಲ್ಲವೂ ಆಡುಗಳ ಮಹಿಮೆ ಎಂದು ಬರೆದುಕೊಟ್ಟ.

ಜಲಾಲುದ್ದೀನ ಸಾಹೇಬರು ಹೊರಗೆ ಕರೆದು ಕೇಳಿದರು: “ಮರಿಲಿಂಗಪ್ಪ, ಝೂಟಿಗೆ ದಸ್ತಖತ್ತು ಮಾಡಿದ್ರೇನು?”

“ಗಾಳಕ್ಕ ಎರಿ ಹಾಕೂದು ಝೂಟೇನ್ರಿ ಸಾಹೇಬ್ರ? ಕೋಣಿ ಉಳೀತದ, ಮಕ್ಕಳು ಬರ್ತಾವ. ಹೆಸರು ಆಡಿಗೆ ಹೋದ್ರ ಹೋಗ್ಲಿ, ಅದಕ್ಕೇನು ಪಗಾರ ಹೆಚ್ಚು ಮಾಡಂಗಿಲ್ಲ.”

ಈ ಮಾತಿನಲ್ಲಿ ಮಾತ್ರ ಅವನು ಸೋತ. ಆಡುಗಳಿಗೆ ಮೇವಿನ ಭತ್ಯೆ ಮಂಜೂರಾಯಿತು. ಜೊತೆಗೆ ಸುತ್ತೋಲೆಯೂ ಬಂತು:

“ಯಾದಗಿರಿ, ಶಹಾಪುರ ಹಾಗೂ ಸುರಪುರ ತಾಲ್ಲೂಕುಗಳ ಸಮಸ್ತ ಶಾಲೆಗಳು ತಲಾ ಒಂದು ಶೈಕ್ಷಣಿಕ ಆಡನ್ನು ಹೊಂದತಕ್ಕದ್ದು. ಆಡು ದೊರೆಯದಿದ್ದಲ್ಲಿ ಕುರಿಯನ್ನು, ಕುರಿಯೂ ದೊರೆಯದಿದ್ದಲ್ಲಿ ಮುಖ್ಯೋಪಾಧ್ಯಾಯರನ್ನು ಸದರಿ ಸ್ಥಾನದಲ್ಲಿ ಪರಿಗಣಿಸತಕ್ಕದ್ದು. ಪುಸ್ತಕಗಳನ್ನು ಇನ್ನು ಮುಂದೆ ಆಡಿನ ಹೆಸರಿನಲ್ಲಿ ಮಾತ್ರ ಹೊರಗೆ ಕೊಡತಕ್ಕದ್ದು. ಓದುವವರು ಆಡಿನ ಪರವಾಗಿ ಸಹಿ ಮಾಡಬಹುದು.”

ಆಡು ಪೂರೈಸುವ ಗುತ್ತಿಗೆ ಸುರಪುರದ ಸಂಗಣ್ಣನಿಗೆ ಸಿಕ್ಕಿತು. ಅಲ್ಲಿಯವರೆಗೆ ಅವನು ಶಾಲೆಗಳಿಗೆ ಒಡೆದ ಸ್ಲೇಟುಪಾಟಿ ಪೂರೈಸುತ್ತಿದ್ದ. ಶೈಕ್ಷಣಿಕ ಆಡಿಗೆ ಸಂತೆಯ ಆಡಿನ ಇಮ್ಮಡಿ ಬೆಲೆ. ವ್ಯತ್ಯಾಸವೇನೆಂದು ಕೇಳಿದವರಿಗೆ ಅವನು ಕೊರಳಿನ ಹಗ್ಗ ತೋರಿಸುತ್ತಿದ್ದ. ಶೈಕ್ಷಣಿಕ ಆಡಿನ ಹಗ್ಗಕ್ಕೆ ನೀಲಿ ಬಣ್ಣ ಬಳಿದಿತ್ತು. ಹಲವು ಆಡುಗಳಿಗೆ ಹಲ್ಲಿರಲಿಲ್ಲ. ಅವು ಸೇವಾ ಹಿರಿತನ ಉಳ್ಳವು ಎಂದ.

ಇಷ್ಟಾದರೂ ಬೇರೆ ಶಾಲೆಗಳಲ್ಲಿ ಆಡು ಇದ್ದಲ್ಲೇ ಇತ್ತು, ಮಕ್ಕಳು ಫೇಲಾಗುತ್ತಲೇ ಇದ್ದರು. ತಪ್ಪು ಆಡುಗಳದೇ ಎಂದು ಇಲಾಖೆ ತೀರ್ಮಾನಿಸಿ, ಎಲ್ಲ ಆಡುಗಳನ್ನೂ ತಲಾ ಒಬ್ಬ ಶಿಕ್ಷಕರ ಬೆಂಗಾವಲಿನಲ್ಲಿ ಹುಣಸಿಗುಡ್ಡಕ್ಕೆ ತರಬೇತಿಗೆ ಕಳಿಸಿತು. ತರಬೇತುದಾರ ಮರಿಲಿಂಗಪ್ಪ.

ಅವನು ಆಡುಗಳ ಮುಂದೆ ಹಸಿ ಮೇವು ಹರವಿ, ಹಿಂದೆ ಹಗ್ಗ ಹಿಡಿದು ನಿಂತ ಶಿಕ್ಷಕರ ಕಡೆಗೆ ಮುಖ ಮಾಡಿ ಪಾಠ ಶುರುಮಾಡಿದ. “ಹೇ ಆಡುಗಳ್ರಾ, ಕೇಳ್ರಿ. ಮೊದಲ ಬೀರೂದ ಬೀಗ ತಗೀರಿ. ಮಗೂನ ಮಾರಿ ನೋಡ್ರಿ, ಆಮ್ಯಾಲ ಪುಸ್ತಕ ನೋಡ್ರಿ. ಕಥಿ ಪೂರಾ ಹೇಳಬ್ಯಾಡ್ರಿ.” ಕೊಡೇಕಲ್ಲಿನಿಂದ ಬಂದ ಮುದುಕ ಮಾಸ್ತರರು ಪಕ್ಕದವರ ಕಿವಿಯಲ್ಲಿ, “ಸುಮ್ಮನಿರ್ರಿ, ನನ್ನ ಆಡು ಕೇಳಾಕತ್ತದ” ಎಂದು ತಾವೇ ಬರೆದುಕೊಂಡರು. ತಾವು ಕಲಿಯುತ್ತಿದ್ದೇವೆಂದು ಒಬ್ಬ ಶಿಕ್ಷಕರೂ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಆದ್ದರಿಂದ ಎಲ್ಲರೂ ಕಲಿತರು.

ಕಡೆಗೆ ಪರೀಕ್ಷೆ. ವಿಶೇಷಾಧಿಕಾರಿಗಳೇ ಬಂದು ಕುರ್ಚಿ ಹಾಕಿಸಿ ಕೂತರು. ಪ್ರತಿ ಶಿಕ್ಷಕರೂ ತಮ್ಮ ಆಡಿಗೆ ಒಂದು ಕಥೆ ಹೇಳಬೇಕು, ಸಾಹೇಬರು ಆಡಿಗೆ ಅಂಕ ಕೊಡುವರು. ರಾಮಸಮುದ್ರದ ಆಡು ನಪಾಸಾಯಿತು. ಅದರ ಶಿಕ್ಷಕಿ ರತ್ನಾಬಾಯಿ ಅಂಜಿಕೆಗೆ ಕಥೆಯನ್ನು ಮೊದಲಿನಿಂದ ಕಡೆತನಕ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು, ಆಡು ನಿದ್ದೆಹೋಗಿತ್ತು. ಸಾಹೇಬರೂ ತೂಕಡಿಸಿದ್ದರು.

ರಾಮಸಮುದ್ರದ ಹಿರಿಯರು ಗಾಡಿ ಕಟ್ಟಿಕೊಂಡು ಬಂದು, ತಮ್ಮೂರ ಆಡಿಗೆ ಅನ್ಯಾಯವಾಗಿದೆ, ಇನ್ನೊಂದು ಅವಕಾಶ ಕೊಡಬೇಕು ಎಂದು ಪಟ್ಟುಹಿಡಿದರು. ಸಾಹೇಬರು ನಿಯಮ ತಿರುವಿ ನೋಡಿ ಒಪ್ಪಿದರು. ಮರಿಲಿಂಗಪ್ಪ ರತ್ನಾಬಾಯಿಯವರನ್ನು ಕಪಾಟಿನ ಮರೆಗೆ ಕರೆದೊಯ್ದು, “ಬಾಯಾರ, ನಿಮಗ ಜೀವಕ್ಕ ಹತ್ತಿದ ಕಥಿ ಹೇಳ್ರಿ. ಆಡಿನ್ನ ನೋಡಬ್ಯಾಡ್ರಿ, ಟವೆಲ್ಲಿನ ಸಾಹೇಬ್ರನ್ನ ನೋಡ್ರಿ” ಎಂದ.

ರತ್ನಾಬಾಯಿ ಶುರುಮಾಡಿದರು. ಬೇರೆ ಊರಿಗೆ ಮದುವೆಯಾಗಿ ಹೋಗುತ್ತಿದ್ದ ಹೆಣ್ಣೊಬ್ಬಳು ದೋಣಿಯಲ್ಲಿ ಕೂತಿದ್ದಾಳೆ. ನಡುಹೊಳೆಯಲ್ಲಿ ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿ, “ತಂಗಿ, ನೀ ಹೊಂಟಿರೂ ಮನಿ ನನಗ ಗೊತ್ತದ. ಅಲ್ಲಿಗೆ ಹ್ವಾದ ವರ್ಷ ಇನ್ನೊಬ್ಬಾಕೀನ್ನ ಬಿಟ್ಟು ಬಂದೀನಿ. ಅಕೀ...” ಎಂದ. ರತ್ನಾಬಾಯಿ ನಿಲ್ಲಿಸಿಬಿಟ್ಟರು.

ಆಡು ತಲೆಯೆತ್ತಿ “ಮ್ಯಾ” ಅಂದಿತು. ಸಾಹೇಬರು ಅದನ್ನು ಬರೆದುಕೊಂಡರು: ಮುಂದೇನಾಯಿತೆಂದು ಆಡು ಸಕಾಲದಲ್ಲಿ ವಿಚಾರಿಸಿರುತ್ತದೆ. ಪ್ರಥಮ ದರ್ಜೆ. ರಾಮಸಮುದ್ರದವರು ಹಲಗಿ ಬಾರಿಸಿದರು, ಆಡಿಗೆ ಗುಲಾಲು ಹಚ್ಚಿ ಗಾಡಿಗೆ ಹತ್ತಿಸಿದರು.

ಎಲ್ಲರೂ ಹೋದಮೇಲೂ ವಿಶೇಷಾಧಿಕಾರಿಗಳು ಕುರ್ಚಿ ಬಿಟ್ಟು ಏಳಲಿಲ್ಲ.

“ಅಲ್ಲಾ ಮರಿಲಿಂಗಪ್ಪನೋರೇ, ಆ ಇನ್ನೊಬ್ಬಳು ಏನಾದಳು?”

“ಪುಸ್ತಕದಾಗ ಅದ್ರಿ ಸಾಹೇಬ್ರ. ಆದ್ರ ತಮಗ ಕೊಡಾಕ ಬರಂಗಿಲ್ರಿ. ಆಡಿನ ಹೆಸರಿಗೆ ಅಷ್ಟ.”

ನಿಯಮ ಸಾಹೇಬರೇ ಬರೆದದ್ದು, ಒಳ್ಳೆಯ ನಿಯಮವೂ ಹೌದು. ಲೇಖನಿ ತೆಗೆದು, “ರಾಮಸಮುದ್ರದ ಆಡಿನ ಪರವಾಗಿ” ಎಂದು ದುಂಡಗೆ ಸಹಿ ಮಾಡಿ, ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಜೀಪು ಹತ್ತಿದರು.

ಮುಂದಿನ ವಾರ ಆಡು ಕಲಬುರಗಿಯಿಂದ ಪತ್ರ ಬರೆದು, ಪುಸ್ತಕ ಬಹಳ ಚೆನ್ನಾಗಿತ್ತೆಂದೂ, ಇದರ ಎರಡನೆಯ ಭಾಗವಿದ್ದರೆ ಕೂಡಲೇ ಕಳಿಸಬೇಕೆಂದೂ ಕೇಳಿಕೊಂಡಿತು. ಮರಿಲಿಂಗಪ್ಪ ಕಪಾಟು ಹುಡುಕಿ, ಎರಡನೆಯ ಭಾಗದ ಜೊತೆಗೆ ಆಡಿನ ಸ್ವಭಾವಕ್ಕೆ ಒಗ್ಗಬಹುದಾದ ಇನ್ನೊಂದು ಪುಸ್ತಕವನ್ನೂ ಸೇರಿಸಿ ಅಂಚೆಗೆ ಹಾಕಿದ.