ಬ್ಯಾಕೋಡಿಗೆ ಸರಿಯಾದ ದಿಕ್ಕು

೧೯೮೮ರಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಶಾಲೆಗಳಿಗೆ ಸುತ್ತೋಲೆ ಹಂಚುವ ಕೆಲಸ ವೈಜ್ಞಾನಿಕವಾಯಿತು. ಸಾಗರದ ಸುತ್ತೋಲೆ ಶಾಖೆಯ ಸೂಪರಿಂಟೆಂಡೆಂಟ್ ಹೂವಯ್ಯನವರು ಮೂರು ದಿನ ಕಂಪ್ಯೂಟರ್ ತರಬೇತಿ ಪಡೆದು ಬಂದಿದ್ದರು. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಬರುವ ತನಕ ಅದರ ನಿಯಮಗಳನ್ನಾದರೂ ಪಾಲಿಸೋಣವೆಂದು ತೀರ್ಮಾನಿಸಿದರು.

ಕಂಪ್ಯೂಟರ್ ಜಾಲದಲ್ಲಿ ನೂರು ಜನರ ಗುಂಪಿಗೆ ಒಂದು ಸಂದೇಶದ ನೂರು ಪ್ರತಿ ಹೊರಡುವುದಿಲ್ಲ. ಒಂದೇ ಹೊರಡುತ್ತದೆ. ದಾರಿ ಕವಲೊಡೆದಲ್ಲಿ ಮಾತ್ರ ಇನ್ನೊಂದು ಪ್ರತಿಯಾಗುತ್ತದೆ, ಅದೂ ಆ ಕವಲಿನಲ್ಲಿ ಯಾರಾದರೂ ಬೇಕೆಂದು ಕೇಳಿದ್ದರೆ. ಅದರಂತೆ ಸುತ್ತೋಲೆ ಬಸ್ಸು ಹತ್ತಿತು. ಕವಲಿನ ಶಾಲೆಗಳ ಮೇಷ್ಟ್ರುಗಳು ಪಾಠ ನಿಲ್ಲಿಸಿ ನಕಲು ಮಾಡತೊಡಗಿದರು. ಮೊದಲ ತಿಂಗಳಲ್ಲೇ ಶೌಚಾಲಯದ ಸುತ್ತೋಲೆಯೊಂದು ಹೊಸನಗರ, ತೀರ್ಥಹಳ್ಳಿ ಸುತ್ತಿ ಸಾಗರಕ್ಕೇ ಬಂದು, ಹೊಸದೆಂದು ಮತ್ತೆ ನಕಲಾಗಿ ಹೊರಟಿತು. ಆದ್ದರಿಂದ ನಿಯಮ ಏಳು: 'ಶಾಖೆಗೆ ಬರಲು ತಮಗೆ ಹತ್ತಿರದ ದಾರಿ ಯಾವುದೋ, ಆ ದಾರಿಯಿಂದ ಬಂದದ್ದನ್ನು ಮಾತ್ರ ಸ್ವೀಕರಿಸತಕ್ಕದ್ದು. ಬೇರೆ ದಿಕ್ಕಿನಿಂದ ಬಂದದ್ದು ಬಂದೇ ಇಲ್ಲವೆಂದು ಭಾವಿಸತಕ್ಕದ್ದು.'

ಬ್ಯಾಕೋಡು ಶಾಲೆಯ ಶೇಷಮ್ಮ ಟೀಚರಿಗೆ ಹತ್ತಿರದ ದಾರಿ ಹಿನ್ನೀರು ದಾಟಿಸುವ ಲಾಂಚು. ಫೆಬ್ರವರಿಯಲ್ಲಿ ಅದು ಕೆಟ್ಟು ಸಾಗರದ ಕಡೆಯ ದಡದಲ್ಲಿ ನಿಂತಿತು. ಮಾರ್ಚಿನಲ್ಲಿ ಕಂಡಕ್ಟರ್ ಕನ್ನಪ್ಪ ಹೊಸನಗರದ ಕಡೆಯಿಂದ ಸುತ್ತೋಲೆ ತಂದ. ಅದರ ಪ್ರಕಾರ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಒಂದು ವಾರ ಮೊದಲೇ ನಡೆಯುವುದಿತ್ತು. ಶೇಷಮ್ಮನವರ ಶಾಲೆಯ ನಾಲ್ಕು ಮಕ್ಕಳು ಕೂರಬೇಕಿತ್ತು. ತಪ್ಪಿದರೆ ಒಂದು ವರ್ಷ ಹೋದ ಹಾಗೆ.

ಶೇಷಮ್ಮ ಎರಡು ಸಲ ಓದಿ, ತಾರೀಖು ಬರೆದುಕೊಂಡು, ವಾಪಸು ಕೊಟ್ಟರು. "ಇದು ನಂಗೆ ಬಂದಿಲ್ಲ ಕನ್ನಪ್ಪ."

"ಓದಿದ್ರಲ್ಲ ಟೀಚರೇ?"

"ಓದಬಾರ್ದು ಅಂತ ನಿಯಮ ಇಲ್ಲ."

ಪರೀಕ್ಷೆಯ ಹಿಂದಿನ ದಿನ ಮಕ್ಕಳನ್ನು ಕರೆದುಕೊಂಡು, ಹೊಸನಗರ ಸುತ್ತಿ ಸಾಗರ ಮುಟ್ಟಿದರು. ಪರೀಕ್ಷಾ ಕೇಂದ್ರಕ್ಕೂ ಹೂವಯ್ಯನವರೇ ಮುಖ್ಯಸ್ಥರು.

"ಯಾವ ಕಡೆಯಿಂದ ಬಂದ್ರಿ?"

"ಹೊಸನಗರದ ಕಡೆಯಿಂದ ಸರ್."

"ಬ್ಯಾಕೋಡಿನವರು ಹೊಳೆ ಕಡೆಯಿಂದ ಬರ್ಬೇಕಲ್ಲಮ್ಮ. ಇವ್ರು ಬಂದಿದ್ದಾರೆ ಅಂತ ನಾನು ಹೆಂಗೆ ಬರೀಲಿ?"

"ಲಾಂಚ್ ಕೆಟ್ಟಿದೆ ಸರ್."

"ಕೆಟ್ಟಿರೋದು ಎಂಜಿನ್ನು. ದಾರಿ ಅಲ್ಲ."

ಶೇಷಮ್ಮ ಸ್ವಲ್ಪ ಯೋಚಿಸಿದರು. "ಲಾಂಚಿಂದ ಇಳಿದ್ರೆ ಆಗುತ್ತಾ?"

"ಇಳಿದ್ರೆ ಧಾರಾಳವಾಗಿ ಆಗುತ್ತೆ."

ಮಧ್ಯಾಹ್ನದ ಬಸ್ಸಿಗೆ ಎಲ್ಲರೂ ದಡಕ್ಕೆ ಹೋದರು. ನಿಂತ ಲಾಂಚಿಗೆ ಮಕ್ಕಳು ಹತ್ತಿದರು, ಇಳಿದರು. ಕಾವಲುಗಾರ ಮಾಸ್ತಪ್ಪ 'ನಾಲ್ವರೂ ನನ್ನ ಕಣ್ಣೆದುರೇ ಲಾಂಚಿನಿಂದ ಇಳಿದಿರುತ್ತಾರೆ' ಎಂದು ಬರೆದುಕೊಟ್ಟ. ಹೂವಯ್ಯನವರು ಅದನ್ನು ಎರಡು ಸಲ ಓದಿ, 'ಸರಿಯಾದ ದಿಕ್ಕಿನಿಂದ ಸ್ವೀಕೃತ' ಎಂದು ಮೊಹರು ಒತ್ತಿದರು. ನಾಲ್ವರೂ ಪಾಸಾದರು.

ಮರುವರ್ಷ ಲಾಂಚು ಚೆನ್ನಾಗಿಯೇ ಓಡುತ್ತಿತ್ತು. ಬ್ಯಾಕೋಡಿನ ಮಕ್ಕಳು ಅದರಲ್ಲೇ ಬಂದಿಳಿದರು. ಇಳಿದ ಮೇಲೆ, ಮಾಸ್ತಪ್ಪನ ಪ್ರಮಾಣಪತ್ರಕ್ಕಾಗಿ, ನಿಂತ ಲಾಂಚಿಗೆ ಇನ್ನೊಮ್ಮೆ ಹತ್ತಿ ಸಾಲಾಗಿ ನಿಂತರು. ಮಗಳ ಜೊತೆ ಬಂದಿದ್ದ ಬೆಳ್ಳಮ್ಮ ಟೀಚರ ಹತ್ತಿರ ಬಂದು ದನಿ ತಗ್ಗಿಸಿದಳು.

"ಹೋದ್ಸಲ ನಮ್ಮ ದೊಡ್ಡೋನ್ನ ಎಡಗಡೆಯಿಂದ ಇಳ್ಸಿದ್ರಿ. ಗಣಿತದಲ್ಲಿ ಮೂವತ್ತೈದೇ ಬಂತು. ಇವಳನ್ನಾದ್ರೂ ಬಲಗಡೆಯಿಂದ ಇಳ್ಸಿ ಟೀಚರೇ."

ಶೇಷಮ್ಮ ಬಲಗಡೆಯಿಂದ ಇಳಿಸಿದರು.