ಹಿತ್ತಲದಾಗ ಹುಟ್ಟಿದ ಕಾರಿನ ಪಾಸಿಂಗು

ಅಂಗಡಿಯಿಂದ ಕಾರು ತಂದವರಿಗೆ ಇಂಥ ಪ್ರಸಂಗಗಳು ಎದುರಾಗುವುದಿಲ್ಲ. ಸ್ವಂತ ಕೈಯಿಂದ ಮಾಡಿಕೊಂಡವನ ಬೆನ್ನು ಮಾತ್ರ ಅವು ಬಿಡುವುದಿಲ್ಲ. ಎಪ್ಪತ್ತರ ದಶಕದ ಕೊನೆಗೆ ನಾನು ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದೆ. ಪೀರನವಾಡಿಯ ನಮ್ಮ ಮನೆಯ ಹಿತ್ತಲಿನಲ್ಲಿ, ಗುಜರಿಯ ಎಂಜಿನ್ನಿಗೆ ನಾನೇ ಬಡಿದ ತಗಡು ಸೇರಿಸಿ, ಎರಡು ವರ್ಷ ಬೆವರು ಸುರಿಸಿ ಒಂದು ಕಾರು ಮಾಡಿದೆ. ರಸ್ತೆಗೆ ಇಳಿಯಬೇಕಾದರೆ ಅದಕ್ಕೆ ಆರ್‌ಟಿಓ ಕಚೇರಿಯ ಪಾಸಿಂಗ್, ಅಂದರೆ ತಪಾಸಣೆ ಮತ್ತು ನೋಂದಣಿ, ಆಗಬೇಕಿತ್ತು. ಆಗದಿದ್ದರೆ ಮತ್ತೆ ಗುಜರಿಗೇ.

೧. ಇಬ್ಬರ ಸಹಿ

ಕಚೇರಿಯ ಗುಮಾಸ್ತರು ಫಾರ್ಮು ತೆಗೆದು ಕೇಳಿದರು, "ಗಾಡಿ ಕಂಪನಿ ಯಾವದು?"

"ಕಂಪನಿ ಇಲ್ರಿ. ನಾನ ಮಾಡೀನಿ."

"ಫ್ಯಾಕ್ಟರಿ ಎಲ್ಲೈತಿ?"

"ಹಿತ್ತಲದಾಗ್ರಿ."

"ವರ್ಷಕ್ಕ ಎಷ್ಟ ಗಾಡಿ ಮಾಡ್ತೀರಿ?"

"ಅರ್ಧಾ ಆಗತೈತ್ರಿ."

ಅದನ್ನೂ ಬರೆದುಕೊಂಡರು. ಆಮೇಲೆ ಮಾರಿದವರ ಪತ್ರ ಕೇಳಿದರು. ಯಾರೂ ಮಾರಿಲ್ಲ ಎಂದೆ. "ಯಾರೂ ಮಾರಲಾರದ ನಿಮ್ಮ ಕೈಗೆ ಹೆಂಗ ಬಂತು? ಕಳವಿನ ಮಾಲು ಅಂತಾರ" ಎಂದರು. ಸರಿ, ಈ ಕಾರನ್ನು ನಾನು ನನಗೇ ಮಾರಿದ್ದೇನೆ ಎಂದು ಬರೆದು, ಕೆಳಗೆ ಎರಡು ಕಡೆ ಸಹಿ ಮಾಡಿ ಮರುದಿನ ಒಯ್ದೆ.

"ಎರಡೂ ಸಹಿ ಒಂದ ಥರ ಅದಾವ. ಖೊಟ್ಟಿ ಅನಸ್ತೈತಿ."

"ಇಬ್ಬರೂ ನಾನ ಅಲ್ರಿ?"

"ಅದು ನನಗ ಗೊತ್ತೈತಿ. ಕಾಗದಕ್ಕ ಗೊತ್ತಿಲ್ಲ."

ಹೊರಗಿನ ಕಟ್ಟೆಯ ಮೇಲೆ ಕೂತು ಹೊಸ ಪತ್ರ ಬರೆದೆ. ಮಾರಿದವನಾಗಿ ಮರಾಠಿಯಲ್ಲಿ, ಕೊಂಡವನಾಗಿ ಕನ್ನಡದಲ್ಲಿ ಸಹಿ ಹಾಕಿದೆ. ಗುಮಾಸ್ತರು ಎರಡನ್ನೂ ಹೋಲಿಸಿ ನೋಡಿ, ಸಮಾಧಾನದಿಂದ ಠಸ್ಸೆ ಒತ್ತಿದರು.

"ಈಗ ಬರೋಬರಿ ಆತು. ಮೊದಲ ಇಬ್ಬರನೂ ಕರಕೊಂಡ ಬಂದಿದ್ರ ಇಷ್ಟ ತಿರಗೂದು ತಪ್ಪತಿತ್ತು."

೨. ಬ್ರೇಕು

ಕಾರಿಗೆ ಬಹಳ ದಿನ ಹ್ಯಾಂಡ್‌ಬ್ರೇಕ್ ಇರಲಿಲ್ಲ. ಮನೆಯ ಹಿಂದಿನ ಏರಿನಲ್ಲಿ ಓಡಿಸಿ ನೋಡುತ್ತ ನಿಲ್ಲಿಸಿದಾಗೆಲ್ಲ ನನ್ನ ಹೆಂಡತಿ ಇಳಿದು, ಕಾಲ ಬಳಿ ಇಟ್ಟುಕೊಂಡ ಕಲ್ಲನ್ನು ಹಿಂದಿನ ಗಾಲಿಗೆ ಅಡ್ಡ ಕೊಡುತ್ತಿದ್ದಳು. ಪಾಸಿಂಗಿನ ಪರೀಕ್ಷೆಯ ಹಿಂದಿನ ವಾರ ಹೊಸ ಕೇಬಲ್ ಹಾಕಿ ಹ್ಯಾಂಡ್‌ಬ್ರೇಕ್ ಸರಿಮಾಡಿದೆ. ಆದರೂ ಅವಳಿಗೆ ನನ್ನ ಕೇಬಲ್ಲಿಗಿಂತ ತನ್ನ ಕಲ್ಲಿನ ಮೇಲೇ ಭರವಸೆ.

ಇನ್‌ಸ್ಪೆಕ್ಟರ್ ಸಾಹೇಬರು ನನ್ನ ಬಾಜೂಕ ಕೂತರು. ಹೆಂಡತಿ ಹಿಂದೆ ಕೂತಳು. ಕಾಕತಿ ದಾರಿಯ ಏರಿನಲ್ಲಿ ಸಾಹೇಬರು, "ನಿಲ್ಲಸ್ರಿ. ಹ್ಯಾಂಡ್‌ಬ್ರೇಕ್ ಜಗ್ಗರಿ" ಎಂದರು. ನಾನು ಕೈ ಚಾಚುವುದರೊಳಗೆ ಹಿಂದಿನ ಬಾಗಿಲು ತೆರೆಯಿತು. ಗಾಲಿಯ ಹಿಂದೆ ದಪ್ಪೆಂದು ಸಪ್ಪಳವಾಯಿತು.

"ಅವರ್ಯಾಕ ಇಳದ್ರು?" ಸಾಹೇಬರು ಕೇಳಿದರು.

ನಾನು ಬಾಯಿ ಬಿಡುವ ಮೊದಲೇ ಅವಳು ಸೆರಗಿಗೆ ಕೈ ಒರೆಸುತ್ತ ಹೇಳಿದಳು, "ಬ್ರೇಕ್ ಹಾಕಾಕ್ರಿ."

ಸಾಹೇಬರು ಕಲ್ಲು ತೆಗೆಸಿದರು. ನಾನು ಹ್ಯಾಂಡ್‌ಬ್ರೇಕ್ ಎಳೆದು ದೇವರ ಹೆಸರು ಹೇಳಿದೆ. ಕಾರು ಅಲುಗಲಿಲ್ಲ. ಅವರು ಪೆನ್ನು ತೆಗೆದರು.

"ಬ್ರೇಕು ಎರಡ ಅದಾವ" ಎಂದರು. "ಎರಡೂ ಚಲೋ ಅದಾವ."

೩. ಚಾಸಿ ನಂಬರು

ಆದರೂ ಪಾಸಾಗಲಿಲ್ಲ. ಕಾರಿನ ತಳದ ಚೌಕಟ್ಟು, ಅಂದರೆ ಚಾಸಿಯ ಮೇಲೆ ನಂಬರೇ ಇರಲಿಲ್ಲ. ಇರುವುದಾದರೂ ಹೇಗೆ? ಅದು ಖಾನಾಪುರದ ಕಟ್ಟಿಗೆ ಅಡ್ಡೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಕಬ್ಬಿಣ. ಅಡ್ಡೆ ನನ್ನ ಮಾವನವರದು. ಜಾಗ ಖಾಲಿಯಾಗಲಿ ಎಂದು ಅವರು ಕೊಟ್ಟಿದ್ದರು. ಕೊಟ್ಟಮೇಲೆ ಖಾನಾಪುರದ ಪೇಟೆಯಲ್ಲೆಲ್ಲ, "ಮಗಳನ್ನ ಟರ್ನರಗ ಕೊಟ್ಟೀನಿ ಅನಕೊಂಡಿದ್ದೆ. ಗುಜರಿಯವಗ ಕೊಟ್ಟಂಗಾತು" ಎಂದು ಹೇಳುತ್ತ ಬಂದಿದ್ದರು.

ಸಾಹೇಬರು ಒಂದು ನಂಬರು ಬರೆದುಕೊಟ್ಟು, ಕೊರೆಸಿಕೊಂಡು ಬನ್ನಿ ಎಂದರು. ಭಾಂಡೆ ಅಂಗಡಿಯಲ್ಲಿ ಮದುವೆಯ ಪಾತ್ರೆಗಳ ಮೇಲೆ ಹೆಸರು ಹಾಕುವವನಿಗೆ ಚೀಟಿ ಕೊಟ್ಟು, ಮನೆಗೆ ಹೋಗಿ ಕೆಲಸ ಮುಗಿಸು ಎಂದು ಹೇಳಿ ನಾನು ಕಾರ್ಖಾನೆಗೆ ಹೋದೆ. ಅವನು ನಂಬರು ಕೊರೆದು, ಪಾತ್ರೆಗೆ ಕೇಳುವ ರೂಢಿಯಂತೆ ನನ್ನ ಹೆಂಡತಿಯನ್ನು ಕೇಳಿದನಂತೆ, "ಯಾರ ಕೊಟ್ಟಿದ್ರಿ, ಅಕ್ಕಾರ?"

ಕಬ್ಬಿಣದ ಮಾತು ಎಂದುಕೊಂಡು ಅವಳು, "ನಮ್ಮ ಅಪ್ಪಾರು" ಎಂದಳಂತೆ.

ಮರುವಾರ ಸಾಹೇಬರು ಬ್ಯಾಟರಿ ದೀಪ ಹಿಡಿದು ಕಾರಿನ ಕೆಳಗೆ ತೂರಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಕಡೆಗೆ ಒಳಗಿಂದಲೇ ಗಟ್ಟಿಯಾಗಿ ಓದಿದರು. ಮೊದಲು ನಂಬರು. ಅದರ ಮುಂದೆ, "ತಂದೆಯವರಿಂದ ಮಗಳಿಗೆ ಪ್ರೀತಿಯ ಕಾಣಿಕೆ."

ಉಜ್ಜಿ ತೆಗೆಯುತ್ತೇನೆ ಎಂದೆ. "ಚಾಸಿ ಬರಹ ಅಳಿಸಿದ್ರ ಗುನ್ನೆ ಆಗತೈತಿ" ಎಂದು ಸಾಹೇಬರು ಮೈಯ ಧೂಳು ಕೊಡವುತ್ತ ಎದ್ದರು. "ನಮ್ಮ ಮಾವ ನನಗ ಒಂದ ವಾಚ್ ಕೊಟ್ಟಿದ್ರು. ಅದು ನಡೀತಿದ್ದಿಲ್ಲ" ಎಂದು ನಿಟ್ಟುಸಿರುಬಿಟ್ಟು ಸಹಿ ಮಾಡಿದರು.

ಮುಂದಿನ ಭಾನುವಾರ ಕಾರು ಖಾನಾಪುರಕ್ಕೆ ಹೋಯಿತು. ಹೆಂಡತಿ ನಗುತ್ತ ವಿಷಯ ಹೇಳಿದಳು. ಮಾವನವರು ಧೋತರ ಎತ್ತಿಕಟ್ಟಿ, ಕಾರಿನ ಕೆಳಗೆ ಹೋಗಿ ಎರಡು ಸಲ ಓದಿಕೊಂಡು ಬಂದರು. ಅಂದಿನಿಂದ ನಾವು ಹೋದಾಗಲೆಲ್ಲ ಪೇಟೆಯವರನ್ನು ಕರೆತಂದು, ಚಾಪೆ ಹಾಸಿ, ಒಬ್ಬೊಬ್ಬರನ್ನೇ ಕಾರಿನ ಕೆಳಗೆ ಮಲಗಿಸಿ ಓದಿಸುವುದು ಅವರ ಪದ್ಧತಿಯಾಯಿತು. "ನಾ ಮಗಳಿಗೆ ಕೊಟ್ಟ ಕಾರು. ಸರಕಾರದವರ ಓದಿ ಪಾಸ್ ಮಾಡ್ಯಾರ."

ಒಮ್ಮೆ ಒಬ್ಬರು ಚಾಪೆಯಿಂದ ಏಳುತ್ತ ಕೇಳಿದರು, "ಭಾಳ ಗಟ್ಟಿ ಐತ್ರಿ. ಮಾಡಿದವರು ಯಾರು?"

ನಾನು ಅಲ್ಲೇ ನಿಂತಿದ್ದೆ. ಮಾವನವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು.

"ಮಾಡಿದವರು ಯಾರೋ ಏನೋ. ಗಾಡಿ ಹೊಡಿಯೂದು ಮಾತ್ರ ನಮ್ಮ ಅಳಿಯಾನ."