ಅತ್ತೆಯ ಕಾರಿಗೆ ರಿವರ್ಸ್ ಗೇರ್ ಇಲ್ಲ

ನಮ್ಮ ಸೋದರತ್ತೆಯ ಕಾರಿನಲ್ಲಿ ಕುಳಿತರೆ ಹೋಗಬೇಕಾದ ಊರು ಸಿಗುತ್ತದೆಂಬ ಭರವಸೆಯಿಲ್ಲ. ಹೋಗಬೇಕಿಲ್ಲದ ಊರುಗಳೆಲ್ಲ ಸಿಗುತ್ತವೆ!

ಮುಳಬಾಗಿಲಿನಲ್ಲಿ ನಲವತ್ತು ವರ್ಷ ರವಿಕೆ ಹೊಲಿದ ಅತ್ತೆ ಕಾರು ಕಲಿತದ್ದು ಅರವತ್ತು ದಾಟಿದ ಮೇಲೆ. ಈ ವಯಸ್ಸಿನಲ್ಲಿ ಯಾಕೆ ಎಂದವರಿಗೆಲ್ಲ ಒಂದೇ ಉತ್ತರ: “ಇಷ್ಟು ವರ್ಷ ಮೆಷಿನ್ ತುಳಿದೆ, ಒಂದಡಿನೂ ಮುಂದೆ ಹೋಗ್ಲಿಲ್ಲ. ಇದು ತುಳಿದ್ರೆ ಹೋಗುತ್ತೆ!”

ಹೋಗುತ್ತದೆ, ನಿಜ. ಹಿಂದಕ್ಕೆ ಮಾತ್ರ ಬರುವುದಿಲ್ಲ. ರಿವರ್ಸ್ ಹಾಕುವುದೆಂದರೆ ಅತ್ತೆಗೆ ಹಾಕಿದ ಹೊಲಿಗೆ ಬಿಚ್ಚಿದಷ್ಟು ಅವಮಾನ. ಕುರುಡುಮಲೆಗೆಂದು ಹೊರಟ ಒಂದು ಭಾನುವಾರ ತಿರುವು ತಪ್ಪಿತು. ವಾಪಸ್ ತಿರುಗಿಸು ಎಂದೆ.

“ಮುಂದೆ ರಸ್ತೆ ಇದೆಯಲ್ಲ ಕಣೇ, ಸುಮ್ನಿರು.”

ಕೆರೆ ಏರಿ, ಬಂಡೆಗುಡ್ಡ, ಮಾವಿನ ತೋಪು ಎಲ್ಲ ದಾಟಿ, ಹುಣಸೆಮರದ ಕೆಳಗೆ ಕೂತಿದ್ದ ಒಬ್ಬ ತಾತನನ್ನು ಯಾವ ಊರೆಂದು ಕೇಳಿದರೆ, “ಇದಿ ಆಂಧ್ರಾ, ತಲ್ಲೀ” ಎನ್ನಬೇಕೆ! ಅತ್ತೆ ಅಳುಕಲಿಲ್ಲ. ತೆಲುಗಿನಲ್ಲೇ ಅವನ ಯೋಗಕ್ಷೇಮ ವಿಚಾರಿಸಿ, ಅವನ ಮನೆಯ ಮಜ್ಜಿಗೆ ಕುಡಿದು, ಅವನ ಸೊಸೆಯ ರವಿಕೆಯ ತೋಳು ಬಿಗಿಯಾಯಿತೆಂದು ತೀರ್ಪು ಕೊಟ್ಟು ಹೊರಟಳು.

ಇನ್ನೊಮ್ಮೆ ಆವಣಿಯ ದಾರಿಯಲ್ಲಿ ನಟ್ಟನಡು ರಸ್ತೆಯಲ್ಲೇ ಕಾರು ನಿಲ್ಲಿಸಿದಳು. ಹಿಂದೆ ಟೊಮೆಟೊ ತುಂಬಿದ ಟೆಂಪೋ. ಅದರ ಡ್ರೈವರ್ ಇಳಿದು ಬಂದ.

“ಏನಮ್ಮಾ, ಗಾಡಿ ಕೆಟ್ಟೋಯ್ತಾ?”

“ಇಲ್ಲಪ್ಪ. ಬೆಟ್ಟ ಚೆನ್ನಾಗಿದೆ. ನೀನೂ ನೋಡು.”

ಬೈಗುಳಕ್ಕೆ ನಾನು ಕಿವಿ ಮುಚ್ಚಿಕೊಳ್ಳುವಷ್ಟರಲ್ಲಿ ಅವನು ನಿಜವಾಗಿಯೂ ಬೆಟ್ಟ ನೋಡತೊಡಗಿದ! “ದಿನಾ ಇದೇ ದಾರೀಲಿ ಹೋಗ್ತೀನಿ, ನೋಡೇ ಇರ್ಲಿಲ್ಲ ಕಣಮ್ಮಾ” ಎಂದು, ಒಂದು ಚೀಲ ಟೊಮೆಟೊ ಕೊಟ್ಟು ಹೋದ.

ಕಳೆದ ವರ್ಷ ಅಪ್ಪ ತೀರಿಕೊಂಡರು. ಅಮ್ಮ ಅಳಲಿಲ್ಲ, ಮಾತು ನಿಲ್ಲಿಸಿದಳು. ಕೋಲಾರದ ನಮ್ಮ ಮನೆಯ ಹೊಸ್ತಿಲನ್ನು ಎರಡು ತಿಂಗಳು ದಾಟಲಿಲ್ಲ. ನಾನು ಬೇಡಿಕೊಂಡೆ, ರೇಗಿದೆ, ಊಟ ಬಿಟ್ಟೆ. ಪ್ರಯೋಜನವಾಗಲಿಲ್ಲ. ಒಂದು ಬೆಳಿಗ್ಗೆ ಬಾಗಿಲಲ್ಲಿ ಹಾರ್ನ್ ಕೇಳಿತು. ಅತ್ತೆ ಒಳಗೆ ಬಂದವಳೇ ಅಮ್ಮನ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟಳು.

“ಮಾತಾಡೋದೇನೂ ಬೇಡಮ್ಮ. ಸುಮ್ನೆ ಬಂದು ಕೂತ್ಕೋ.”

ಗಂಡನ ಅಕ್ಕ ಚಪ್ಪಲಿ ಮುಟ್ಟಿದ್ದು ಕಂಡು ಅಮ್ಮ ಗಡಬಡಿಸಿ ಎದ್ದಳು. ಹಾಗೆ ಹೊರಟೆವು.

ಶ್ರೀನಿವಾಸಪುರದ ದಾರಿಯುದ್ದಕ್ಕೂ ಮಾವು ಹೂ ಬಿಟ್ಟಿತ್ತು. ಬಾಯಿಗೆ ಬಿಡುವೇ ಕೊಡದ ಅತ್ತೆ ಅಂದು ಒಂದು ಮಾತೂ ಆಡಲಿಲ್ಲ. ತೋಪಿನ ಪಕ್ಕದಲ್ಲಿ ಕಾರು ನಿಲ್ಲಿಸಿ, ಇಳಿದು, ನಮಗೆ ಬೆನ್ನು ಹಾಕಿ ನಿಂತಳು. ಹೂವು ನೋಡುತ್ತಿದ್ದಾಳೆ ಎಂದುಕೊಂಡೆ. ಅವಳ ಭುಜಗಳು ಅದುರುತ್ತಿದ್ದವು.

ನನಗೆ ಅಪ್ಪ ಹೋಗಿದ್ದರು, ಅಮ್ಮನಿಗೆ ಗಂಡ. ಅತ್ತೆಗೆ ತಮ್ಮ ಹೋಗಿದ್ದಾನೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ.

ಅಮ್ಮ ಬಾಗಿಲು ತೆರೆದು ಇಳಿದಳು. ಅತ್ತಿಗೆಯ ಎದುರು ಕುರ್ಚಿಯಲ್ಲಿ ಕೂರಲೂ ಹಿಂಜರಿಯುತ್ತಿದ್ದವಳು, ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ನೀವು ಕಾರು ತಗೊಂಡಾಗ, ಅತ್ತಿಗೆ,” ಎಂದಳು, ಒಡೆದ ದನಿಯಲ್ಲಿ, “‘ನಮ್ಮಕ್ಕ ಕಾರು ಓಡಿಸ್ತಾಳೆ’ ಅಂತ ಬೀದಿಯಲ್ಲೆಲ್ಲ ಹೇಳ್ಕೊಂಡು ಬಂದ್ರು ಅವರು.”